ಸೀಲು ಭಾವನ ಅಪ್‌ಡೇಟು

ರಬ್ಬರ್ ಸೀಲು ಮಾಡುವವರನ್ನು ಜನ ಸಾಮಾನ್ಯವಾಗಿ ಮರೆತಿರುತ್ತಾರೆ. ಸೀಲು ಸವೆದು, ಅಕ್ಷರವೆಲ್ಲ ಕಲಸಿಹೋಗಿ, ಒತ್ತಿದ ಕಡೆ ಬರೀ ನೀಲಿ ಕಲೆ ಮೂಡತೊಡಗಿದಾಗ ಮಾತ್ರ ಅವರ ನೆನಪಾಗುತ್ತದೆ. ಆದರೆ ಸೀಲು ಭಾವ ತಮ್ಮನ್ನು ತಾವು ಒಂದು ದಿನವೂ ಮರೆತವರಲ್ಲ. "ಈ ಊರಲ್ಲಿ ಯಾವ ಕಾಗದಕ್ಕೇ ಆಗ್ಲಿ, ಜೀವ ಬರೋದು ನನ್ನ ಕೈಯಿಂದ. ಅಧಿಕಾರಿ ಸಹಿ ಹಾಕ್ತಾನೆ, ಒಪ್ಕೋತೀನಿ. ಸೀಲಿಲ್ಲದ ಸಹಿ ಅಂದ್ರೆ ಏನು? ಗೀಚು!" ಎಂದು ವಾರಕ್ಕೆರಡು ಸಲವಾದರೂ ಹೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಹೆಂಡತಿಯ ಕಡೆಯ ಹುಡುಗರು ಇಟ್ಟ ಹೆಸರು ಸೀಲು ಭಾವ. ಅದು ಎಷ್ಟು ಅಂಟಿಕೊಂಡಿದೆಯೆಂದರೆ ಈಗ ಅವರ ಒಡಹುಟ್ಟಿದ ತಂಗಿಯೂ ಅವರನ್ನು ಭಾವ ಎಂದೇ ಕರೆಯುತ್ತಾಳೆ.

ಅಂಗಡಿ ಇರುವುದು ಮನೆಯ ಕೆಳಗೆ, ಮಹಡಿ ಮೆಟ್ಟಿಲಿನ ಅಡಿಯಲ್ಲಿ. ಒಳಗೆ ಹೋದವರು ಮೂರು ಹೆಜ್ಜೆ ನೆಟ್ಟಗೆ ನಡೆಯಬಹುದು. ನಾಲ್ಕನೆಯದಕ್ಕೆ ತಲೆ ಬಗ್ಗಿಸಬೇಕು. ಬಗ್ಗಿಸಿದ ಕಡೆಯಲ್ಲೇ ಕಂಪ್ಯೂಟರ್ ಇದೆ. ಹೀಗಾಗಿ ಅದರ ಮುಂದೆ ಯಾರು ನಿಂತರೂ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತದೆ, ಮತ್ತು ಅದರ ಪಕ್ಕದಲ್ಲಿ ಸೀಲು ಭಾವ ಕೂತಿರುತ್ತಾರಾದ್ದರಿಂದ ಅವರಿಗೆ ಈ ಏರ್ಪಾಡಿನ ಬಗ್ಗೆ ಯಾವ ತಕರಾರೂ ಇರಲಿಲ್ಲ. ಕಂಪ್ಯೂಟರಿಗೆ ಹನ್ನೊಂದು ವರ್ಷ. ಅದರ ಬಗಲಿಗೆ ರಬ್ಬರು ಕೊರೆಯುವ ಯಂತ್ರ, ಮರದ ಹಿಡಿಗಳ ಡಬ್ಬ, ಬಂದವರಿಗೆಂದು ಒಂದು ಸ್ಟೂಲು. ಇಷ್ಟರ ಮೇಲೆ ಸುಟ್ಟ ರಬ್ಬರಿನ ವಾಸನೆ.

ಕೊರೆಯುವುದೇನೋ ಯಂತ್ರದ ಕೆಲಸ. ಸೀಲು ಭಾವನ ನಿಜವಾದ ಕಸುಬು ಕತ್ತರಿಸುವುದು. ದುಂಡು ಸೀಲಿನ ಅಂಚಿನಲ್ಲಿ ಹಿಡಿಸುವುದು ಮೂವತ್ತೆರಡು ಅಕ್ಷರ. ಬರುವವರು ಐವತ್ತೈದು ಅಕ್ಷರದ ಹೆಸರು ಹೊತ್ತುಕೊಂಡು ಬರುತ್ತಾರೆ.

"ನಿಮ್ಮ ಸಂಘದ ಹೆಸರಲ್ಲಿ 'ಸರ್ವಾಂಗೀಣ' ಯಾಕಿದೆ?"

"ಅಧ್ಯಕ್ಷರು ಇಟ್ಟಿದ್ದು ಸಾರ್."

"ತೆಗೀರಿ. 'ಅಭಿವೃದ್ಧಿ' ಸಾಕು. ಸರ್ವಾಂಗ ಬೇಕಾದೋರು ಆಫೀಸಿಗೇ ಬಂದು ನೋಡ್ಲಿ."

ಇಪ್ಪತ್ತಾರು ವರ್ಷ ಹೀಗೆ ಸಂಘ, ಶಾಲೆ, ಆಸ್ಪತ್ರೆಗಳ ಹೆಸರಿನ ಕೊಬ್ಬು ಇಳಿಸಿದ ಮೇಲೆ ಅವರಿಗೊಂದು ನಂಬಿಕೆ ಬಲಿತಿತ್ತು. ಲೋಕದಲ್ಲಿ ಆಡಿದ ಮಾತೆಲ್ಲ ಅರ್ಧಕ್ಕರ್ಧ ಹೆಚ್ಚಿನದು. ಯಾವುದು ಹೆಚ್ಚು ಎಂದು ಹೇಳಬಲ್ಲವರು ಮಾತ್ರ ಅಪರೂಪ.

ಇನ್ನು ಅವರ ಮಾವನ ವಿಷಯ. ಮಾವನವರು ಜಮೀನು ಅಳೆಯುವ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿ ನಿವೃತ್ತರಾದವರು. ಎಪ್ಪತ್ತೊಂಬತ್ತು ವಯಸ್ಸು, ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಗಂಟಲು. ಮೂರು ಬೀದಿ ಆಚೆ ಮಗ ಸೊಸೆಯ ಜೊತೆ ಇದ್ದರು. ಆರು ವರ್ಷದಿಂದ ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಆ ಸ್ಟೂಲಿನ ಮೇಲೆ ಕೂತು ತಮ್ಮ ಜೀವನಚರಿತ್ರೆ ಹೇಳುತ್ತಿದ್ದರು. ಸೀಲು ಭಾವ ಟೈಪು ಮಾಡುತ್ತಿದ್ದರು. ಮನೆಗೆ ಇಬ್ಬರು ಅಳಿಯಂದಿರು. ಕಿರಿಯವನಿಗೆ ಔಷಧಿ ಅಂಗಡಿ, ಎರಡು ಬಾಗಿಲಿನದು, ಒಳಗೆ ತಂಪು ಗಾಳಿಯ ಯಂತ್ರ ಬೇರೆ. ಆದರೂ ಮಾವ ತಮ್ಮ ಬಾಳನ್ನು ಹೇಳಿಕೊಳ್ಳಲು ಆರಿಸಿದ್ದು ಮೆಟ್ಟಿಲ ಕೆಳಗಿನ ಈ ಗೂಡನ್ನು! ಸೀಲು ಭಾವನಿಗೆ ಬಂದ ಬಿರುದು ಬಾವಲಿ ಏನಾದರೂ ಇದ್ದರೆ ಅದು ಇದೊಂದೇ. ಬುಧವಾರ ಗಿರಾಕಿ ಬಂದರೆ, "ಈಗಾಗಲ್ಲ, ನಮ್ಮ ಮಾವನವರು ಬರೆಸ್ತಿದಾರೆ," ಎಂದು, ಮಾವನಿಗೂ ಬೀದಿಗೂ ಕೇಳುವಂತೆ ಹೇಳಿ ಕಳಿಸುತ್ತಿದ್ದರು.

ಒಂದು ಬುಧವಾರ ಮಾವ ಬರಲಿಲ್ಲ. ಮುಂದಿನ ಬುಧವಾರವೂ ಬರಲಿಲ್ಲ.

"ಹುಷಾರಿಲ್ವೇನೋ, ಹೋಗಿ ನೋಡ್ಕೊಂಡು ಬಾ," ಎಂದರು ಹೆಂಡತಿಗೆ.

ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. "ಹುಷಾರಾಗೇ ಇದಾರೆ. ನನ್ನ ತಂಗಿ ಮನೆಗೆ ಹೋಗ್ತಿದಾರಂತೆ, ಬುಧವಾರ."

"ಯಾಕೆ?"

"ಬರೆಸೋಕೆ."

"ಅವನಿಗೆ ಟೈಪು ಬರುತ್ತಾ?"

"ಅವರಿಗೆ ಬರ್ಬೇಕಾಗಿಲ್ವಂತೆ ರೀ. ಹೊಸ ಕಂಪ್ಯೂಟರ್ ತಂದಿದಾರಲ್ಲ, ಅದ್ರಲ್ಲಿ ಹೊಸ ಸಿಸ್ಟಮ್ ಇದೆ. ಎದುರಿಗೆ ಕೂತು ಮಾತಾಡಿದ್ರೆ ಅದೇ ಬರ್ಕೊಳ್ಳತ್ತಂತೆ. ಅಪ್ಪ ಎರಡೇ ವಾರಕ್ಕೆ ಮೂವತ್ತು ಪುಟ ಹೇಳಿದಾರೆ."

ಸೀಲು ಭಾವನ ಕಡೆ ಆರು ವರ್ಷದಲ್ಲಿ ಆಗಿದ್ದುದು ಹತ್ತೊಂಬತ್ತು ಪುಟ.

ಆ ದಿನ ಮಧ್ಯಾಹ್ನ ಅವರು ಊಟಕ್ಕೆ ಕೂತರೂ ತುತ್ತು ಒಳಗೆ ಇಳಿಯಲಿಲ್ಲ. ಹೊಟ್ಟೆಕಿಚ್ಚು ಎಂದು ಬೇರೆಯವರು ಹೇಳಬಹುದು. ಅವರು ಅದಕ್ಕೆ ಹುಳಿತೇಗು ಎಂದು ಹೆಸರಿಟ್ಟರು. ಮಾತ್ರೆ ತರೋಣವೆಂದರೆ ಔಷಧಿ ಅಂಗಡಿ ಇದ್ದದ್ದು ಷಡ್ಡಕನದು.

ಆದರೂ ಮಾತ್ರೆಯ ನೆಪದಲ್ಲಿ ಮರುದಿನ ಅಲ್ಲಿಗೆ ಹೋಗಿಯೇಬಿಟ್ಟರು. ಷಡ್ಡಕ ಒಳ್ಳೆಯವನು. ಒಳ್ಳೆಯವನಾಗಿದ್ದುದೇ ಅವನ ದೊಡ್ಡ ದೋಷ. ಬೈಯಲು ಎಲ್ಲೂ ಹಿಡಿ ಸಿಗುತ್ತಿರಲಿಲ್ಲ. "ಬನ್ನಿ ಭಾವ, ಬನ್ನಿ ಭಾವ," ಎಂದು ಒಳಕೋಣೆಗೆ ಕರೆದೊಯ್ದು ಕಂಪ್ಯೂಟರ್ ತೋರಿಸಿದ. ಹಲಗೆಯಷ್ಟು ತೆಳ್ಳಗೆ, ಬಳಪದಷ್ಟು ಬೂದು. ಅವನು ಎದುರಿಗೆ ಬಂದ ಕೂಡಲೇ ಮುಖ ನೋಡಿ ತಾನಾಗಿ ತೆರೆದುಕೊಂಡಿತು. ಸೀಲು ಭಾವ ತಮ್ಮ ಮುಖವನ್ನೂ ಒಡ್ಡಿ ನೋಡಿದರು. ಅದು ಮುಚ್ಚಿಕೊಂಡಿತು.

"ನಿಮ್ಮದಕ್ಕೂ ಹೊಸ ಸಿಸ್ಟಮ್ ಹಾಕ್ಕೊಳ್ಳಿ ಭಾವ. ಬಿಟ್ಟಿ ಕೊಡ್ತಾರೆ."

"ನೋಡೋಣ. ನಂಗೇನು ಅಷ್ಟು ಅರ್ಜೆಂಟಿಲ್ಲ," ಎಂದು ಹೇಳಿ, ಮಾತ್ರೆ ಮರೆತು, ಕಾಲು ನೋಯುವಷ್ಟು ಬಿರುಸಾಗಿ ಮನೆಗೆ ನಡೆದರು.

ಅವರ ಕಂಪ್ಯೂಟರು ಹೊಸ ಸಿಸ್ಟಮಿನ ಹೆಸರು ಹೇಳಿದೊಡನೆ ತಣ್ಣಗೆ ಉತ್ತರ ಕೊಟ್ಟಿತು: ಈ ಸಾಧನ ಈ ಆವೃತ್ತಿಗೆ ಅರ್ಹವಲ್ಲ. ಕಾರಣವೂ ಇಲ್ಲ, ಕ್ಷಮೆಯೂ ಇಲ್ಲ. 'ತಿರಸ್ಕರಿಸಲಾಗಿದೆ' ಎಂಬ ಸೀಲನ್ನು ಇಪ್ಪತ್ತಾರು ವರ್ಷ ಡಜನುಗಟ್ಟಲೆ ಮಾಡಿ ಕೊಟ್ಟವರು. ಅದನ್ನು ತಮ್ಮ ಹಣೆಯ ಮೇಲೆ ಒತ್ತಿಸಿಕೊಂಡದ್ದು ಇದೇ ಮೊದಲು.

ಆದರೆ ಇಂಟರ್ನೆಟ್ಟಿನಲ್ಲಿ ಅವರಂಥ ತಿರಸ್ಕೃತರದೇ ಒಂದು ದೊಡ್ಡ ಸಂಸಾರವಿತ್ತು. ಹಳೆ ಯಂತ್ರಗಳನ್ನು ಎಸೆಯಲು ಮನಸ್ಸು ಬಾರದ ಜನ ಸೇರಿ ಒಂದು ಸಣ್ಣ ತಂತ್ರಾಂಶ ಬರೆದಿದ್ದರು. ಅದರ ಉಪಾಯ ಸರಳ. ಹೊಸ ಸಿಸ್ಟಮ್ ಬಂದು "ನೀನು ಯಾವ ವರ್ಷದ ಯಂತ್ರ?" ಎಂದು ಕೇಳುತ್ತದೆ. ಆಗ ಈ ತಂತ್ರಾಂಶ ಮಧ್ಯೆ ನಿಂತು, ಯಂತ್ರದ ಪರವಾಗಿ ಆರು ವರ್ಷ ಕಡಿಮೆ ಹೇಳುತ್ತದೆ. ಸಿಸ್ಟಮ್ ನಂಬಿ ಒಳಗೆ ಬಂದು ಕೂತುಬಿಡುತ್ತದೆ. ಒಳಗೆ ಬಂದ ಮೇಲೆ ಅಲ್ಲಿಲ್ಲಿ ತೇಪೆ ಹಚ್ಚಬೇಕು, ಅಷ್ಟೇ. ವಯಸ್ಸು ಕದ್ದು ಹೇಳುವ ಈ ವಿದ್ಯೆ ಸೀಲು ಭಾವನಿಗೆ ಹಿಡಿಸಿತು. ಸ್ವತಃ ಅವರ ತಲೆಗೂದಲು ನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿತ್ತು.

ಭಾನುವಾರ ಅಂಗಡಿಯ ಬಾಗಿಲೆಳೆದು ಕೂತರು. ಮೊದಲು ಇದ್ದದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟರು. ಜಂಬದ ಮನುಷ್ಯರಾದರೂ ಕಸುಬಿನಲ್ಲಿ ಮೂಲಪ್ರತಿ ಕಳೆದವರಲ್ಲ. ಪೆನ್‌ಡ್ರೈವಿಗೆ ಸಿಸ್ಟಮ್ ಇಳಿಸಿದರು. ಯಂತ್ರ ಮತ್ತೆ ಮತ್ತೆ ಆರಿ ಹೊತ್ತಿತು. 'ಇನ್ನು ಹನ್ನೆರಡು ನಿಮಿಷ' ಎಂದು ತೆರೆಯ ಮೇಲೆ ಬಂತು. ಒಂದು ಗಂಟೆಯ ನಂತರವೂ ಇನ್ನು ಹನ್ನೆರಡೇ ನಿಮಿಷ. ಹೆಂಡತಿ ಚಹಾ ತಂದು ಇಣುಕಿದಳು.

"ಏನಾಯ್ತು?"

"ಹನ್ನೆರಡು ನಿಮಿಷ."

"ಬೆಳಿಗ್ಗೆನೂ ಅದನ್ನೇ ಅಂದ್ರಿ."

"ನಾನು ಅಂದಿದ್ದಲ್ಲ, ಅದು ಅಂದಿದ್ದು."

ಸಂಜೆ ನಾಲ್ಕಕ್ಕೆ ಹೊಸ ಸಿಸ್ಟಮ್ ಬಂತು. ಬಣ್ಣವೆಲ್ಲ ತಿಪ್ಪರಲಾಗ ಹಾಕಿತ್ತು: ಮೊಮ್ಮಗಳ ಫೋಟೋದಲ್ಲಿ ಮಗುವಿನ ಮುಖ ಹಸಿರು, ಹಿಂದಿನ ಗಿಡ ಕೆಂಪು. ಇಂಟರ್ನೆಟ್ ಇಲ್ಲ. ಸದ್ದಿಲ್ಲ. ಸೋಮವಾರ ಬಣ್ಣಕ್ಕೆ ತೇಪೆ, ಮಂಗಳವಾರ ಬೆಳಿಗ್ಗೆ ಇಂಟರ್ನೆಟ್ಟಿಗೆ ತೇಪೆ, ಮಧ್ಯಾಹ್ನ ಮೈಕಿಗೆ ತೇಪೆ. ಕೊನೆಗೆ ಮೈಕಿನ ಹತ್ತಿರ ಬಾಯಿ ತಂದು, "ಮಾವನವರೇ ಬನ್ನಿ," ಎಂದರು. ಯಂತ್ರ ಉಸಿರೆಳೆದುಕೊಂಡಿತು, ಫ್ಯಾನು ಗೊರಗುಟ್ಟಿತು, ಅರ್ಧ ನಿಮಿಷ ಯೋಚಿಸಿತು. ಆಮೇಲೆ ತೆರೆಯ ಮೇಲೆ ಬಂತು: ಮಾವನವರೇ ಬನ್ನಿ.

ಸೀಲು ಭಾವ ಎದ್ದು ನಿಂತರು. ಆನಂದದಲ್ಲಿ ಜಾಗ ಮರೆತದ್ದರಿಂದ ಮೆಟ್ಟಿಲು ತಲೆಗೆ ಬಡಿಯಿತು. ಹಣೆ ತಿಕ್ಕಿಕೊಳ್ಳುತ್ತಲೇ ಚಪ್ಪಲಿ ಮೆಟ್ಟಿ ಮೂರು ಬೀದಿ ದಾಟಿದರು.

"ಮಾವ, ನಮ್ಮಲ್ಲೂ ಹೊಸ ಸಿಸ್ಟಮ್ ಬಂದಿದೆ. ನಾಳೆ ಬುಧವಾರ."

ಮಾವ ಪತ್ರಿಕೆಯ ಮೇಲಿಂದ ನೋಡಿದರು. "ಅಳಿಯಂದ್ರೇ, ನಿಮ್ಮ ಹಳೇ ಡಬ್ಬಕ್ಕೆ ಅದು ಆಗಲ್ಲ ಅಂತ ಆಮೇಲೆ ವಿಚಾರಿಸ್ಕೊಂಡು ಅವನು ಹೇಳ್ತಿದ್ನಲ್ಲ?"

"ಅವನಿಗೇನು ಗೊತ್ತು! ಮಾತ್ರೆ ಎಣಿಸೋನು."

ಬುಧವಾರ ಹತ್ತಕ್ಕೆ ಮಾವ ಬಂದು ಸ್ಟೂಲಿನ ಮೇಲೆ ಕೂತರು. ಸೀಲು ಭಾವನ ಎದೆ ಮೂರು ವಾರದ ಮೇಲೆ ಮೊದಲ ಸಲ ಸರಿಯಾಗಿ ಉಬ್ಬಿತು. ಮೈಕು ಮುಂದಿಟ್ಟರು. "ಮಾತಾಡಿ ಮಾವ. ಇನ್ನು ನಾನು ಬೆರಳು ಅಲ್ಲಾಡಿಸಲ್ಲ."

ಮಾವ ಶುರು ಮಾಡಿದರು. ಹೊಳೆಯಾಚೆಯ ಒಂದು ತೋಪನ್ನು ಅಳೆಯಲು ಹೋದ ಕತೆ. ಸರಪಳಿ ಹಿಡಿಯುವ ಆಳಿನ ನಾಯಿ, ಅಳತೆ ಬರೆದ ಪುಸ್ತಕವನ್ನು ಅಗಿದು ಹಾಕಿದ್ದು, ಇಬ್ಬರು ಅಣ್ಣತಮ್ಮಂದಿರು ಆ ನಾಯಿಯ ಬಾಯಿಂದ ತಂತಮ್ಮ ಗಡಿಯ ಅಂಕಿ ಕಿತ್ತುಕೊಳ್ಳಲು ಹೋದದ್ದು. ಕತೆ ಚೆನ್ನಾಗಿತ್ತು. ಸೀಲು ಭಾವನೂ ಪಕ್ಕದಲ್ಲಿ ಕೂತು ಆರು ವರ್ಷದ ರೂಢಿಯಂತೆ ನಡುನಡುವೆ ಸಹಾಯ ಮಾಡಿದರು. ಅರ್ಧ ಗಂಟೆಯಾಯಿತು. ತೆರೆ ಮಾತ್ರ ಖಾಲಿ.

"ಏನೂ ಬರ್ತಿಲ್ವಲ್ಲ?"

"ಹಳೇ ಯಂತ್ರ ಮಾವ, ಸ್ವಲ್ಪ ನಿಧಾನ. ಒಳಗೆ ತುಂಬ್ಕೊಳ್ತಿದೆ."

ಮಾವ ಚಹಾ ಕುಡಿದು ಲೋಟ ಕೆಳಗಿಟ್ಟರು. ಆಗ ಶುರುವಾಯಿತು. ತುಂಬಿಕೊಂಡದ್ದನ್ನೆಲ್ಲ ಯಂತ್ರ ಒಮ್ಮೆಗೇ ಕಾರತೊಡಗಿತು. ಚುಕ್ಕಿಯಿಲ್ಲ, ವಿರಾಮವಿಲ್ಲ, ಯಾರು ಆಡಿದ ಮಾತು ಎಂಬ ಭೇದವೂ ಇಲ್ಲ. ಇಬ್ಬರೂ ಕನ್ನಡಕ ಏರಿಸಿ ಓದಿದರು.

ಹೊಳೆ ದಾಟೋಕೆ ಅವತ್ತು ದೋಣಿ ಇರ್ಲಿಲ್ಲ ದೋಣಿ ಬೇಡ ಮಾವ ನೇರವಾಗಿ ತೋಪಿಗೆ ಬನ್ನಿ ಅಲ್ಲ ಅಳಿಯಂದ್ರೇ ದೋಣಿ ಇಲ್ದೇ ಇದ್ದಿದ್ರಿಂದಲೇ ನಾಯಿ ಬಂತು ನಾಯಿ ಬಣ್ಣ ಕಂದು ಬಣ್ಣ ಯಾಕೆ ಮಾವ ನಾಯಿ ಅಂದ್ರೆ ಸಾಕು ಅದರ ಕಿವಿ ಒಂದು ಹರಿದಿತ್ತು ಸಾಕು ಮಾವ ಆ ಆಳು ಬಹಳ ಪಾಪದವನು ಅವನ ಹೆಂಡತಿ ಅವಳು ಬೇಡ ಮಾವ ಕತೆ ಉದ್ದ ಆಗುತ್ತೆ ಹೂಂ ಬಿಡಿ ಏನ್ ಹೇಳ್ತಿದ್ದೆ ತೋಪು ಮಾವ ತೋಪು ಹಾಂ ಮರೆತೇಹೋಯ್ತು

ಹೀಗೆ ಮೂರು ಪುಟ.

ಸೀಲು ಭಾವ ಮೊದಲ ಪುಟ ನಗುತ್ತ ಓದಿದರು. ಎರಡನೆಯದರಲ್ಲಿ ನಗು ನಿಂತಿತು. ಮೂರನೆಯದರಲ್ಲಿ ಅವರ ಬೆರಳು ತಾನಾಗಿ ತೆರೆಯ ಮೇಲೆ ಇಳಿದು ಎಣಿಸತೊಡಗಿತು. 'ಬೇಡ ಮಾವ' ಹದಿನೇಳು. 'ಸಾಕು ಮಾವ' ಒಂಬತ್ತು. ತಾವು ಸಹಾಯ ಎಂದುಕೊಂಡದ್ದು ಹೀಗೆ ಸಾಲು ಹಿಡಿದು ನಿಂತಾಗ ಅದಕ್ಕೆ ಸಹಾಯದ ಮುಖವೇ ಇರಲಿಲ್ಲ.

"ನಾನು ಇಷ್ಟು ಸಲ ಅಂದ್ನಾ?"

"ಇವತ್ತು ಕಮ್ಮಿ," ಎಂದರು ಮಾವ.

"ಮತ್ತೆ ನೀವು ಒಂದು ಮಾತೂ ಹೇಳ್ಲಿಲ್ಲ!"

"ಹೇಳ್ತಿದ್ದೆ. ಅದನ್ನೂ ನೀವು ಬೇಡ ಮಾವ ಅಂತಿದ್ರಿ." ಮಾವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳತೆ ತಪ್ಪಿದ ಗಡಿಕಲ್ಲನ್ನು ತೋರಿಸುವಾಗಿನ ನಿರ್ವಿಕಾರತೆಯಿತ್ತು. "ಅವನ ಮನೇಲಿ ಆ ಹೊಸ ಯಂತ್ರ ಜಾಣ ಅಂತ ನಾನು ಹೋಗ್ಲಿಲ್ಲ ಅಳಿಯಂದ್ರೇ. ಅದು ಬಾಯಿ ಹಾಕಲ್ಲ. ಅಷ್ಟೇ. ನಿಮ್ಮ ಹತ್ತೊಂಬತ್ತು ಪುಟ ಓದಿದ್ರೆ ನಾನು ಹುಟ್ಟಿದೆ, ಅಳೆದೆ, ನಿವೃತ್ತನಾದೆ. ನಡುವೆ ಏನೂ ಆಗೇ ಇಲ್ಲ."

ಅವರು ಛತ್ರಿ ತೆಗೆದುಕೊಂಡು ಹೊರಟರು. ಮುಂದಿನ ಬುಧವಾರ ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಅಂದು ಮಧ್ಯಾಹ್ನ ಆಸ್ಪತ್ರೆಯವರು ತಾರೀಖಿನ ಸೀಲಿಗೆ ಬಂದರು. ಸೀಲು ಭಾವ ಅಕ್ಷರ ಜೋಡಿಸಿ ಕೊರೆಯುವ ಯಂತ್ರಕ್ಕೆ ಕಳಿಸಿದರು. ಕೊರೆಯುವ ಯಂತ್ರ ಮಿಸುಕಲಿಲ್ಲ. ಅದು ಹದಿನಾಲ್ಕು ವರ್ಷದ್ದು; ಹೊಸ ಸಿಸ್ಟಮಿಗೆ ಅದರ ಗುರುತು ಪರಿಚಯ ಏನೂ ಇರಲಿಲ್ಲ. ತೇಪೆ ಹುಡುಕಿದರೆ ತಿರಸ್ಕೃತರ ಸಂಸಾರದಲ್ಲಿಯೂ ಅದಕ್ಕೆ ತೇಪೆಯಿರಲಿಲ್ಲ. ಹೊಸ ಸಿಸ್ಟಮ್ ಇದ್ದರೆ ಮಾವನಿಗೆ ಬಾಯಿ ಹಾಕದ ಲಿಪಿಕಾರನಿದ್ದಾನೆ, ಸೀಲಿಲ್ಲ. ಹಳೆಯದಕ್ಕೆ ಹೋದರೆ ಸೀಲಿದೆ, ಲಿಪಿಕಾರ ಎಂದರೆ ಮತ್ತೆ ತಾವೇ. ಷಡ್ಡಕನ ಬೂದು ಹಲಗೆ ಕಣ್ಣ ಮುಂದೆ ಬಂತು. ಎದುರಿಗೆ ಕಾಲು ಚಾಚಿ ಕೂತು ನಾಯಿಯ ಕಿವಿ, ಆಳಿನ ಹೆಂಡತಿ ಎಲ್ಲವನ್ನೂ ಹೇಳುತ್ತಿರುವ ಮಾವನೂ ಬಂದರು.

ಆಸ್ಪತ್ರೆಯವರು ಶುಕ್ರವಾರ ಸೀಲು ಬೇಕೇ ಬೇಕು ಎಂದಿದ್ದರು. ಗುರುವಾರ ಇಡೀ ದಿನ ಕೂತು ಡಿಸ್ಕಿನಿಂದ ಹಳೇ ಸಿಸ್ಟಮ್ಮನ್ನು ವಾಪಸು ತಂದರು. ಯಂತ್ರ ತನ್ನ ನಿಜವಾದ ವಯಸ್ಸಿಗೆ ಮರಳಿ, ನಿಟ್ಟುಸಿರಿಟ್ಟು, ಆಸ್ಪತ್ರೆಯ ಸೀಲನ್ನು ಏಳು ನಿಮಿಷದಲ್ಲಿ ಕೊರೆದು ಕೊಟ್ಟಿತು.

ಮಂಗಳವಾರ ಮತ್ತೆ ಮೂರು ಬೀದಿ ದಾಟಿದರು. ಈ ಸಲ ನಿಧಾನವಾಗಿ.

"ಮಾವ, ಹೊಸ ಸಿಸ್ಟಮ್ ತೆಗೆದ್ಬಿಟ್ಟೆ. ನಾನೇ ಟೈಪು ಮಾಡ್ತೀನಿ. ಬಾಯಿ ಹಾಕಲ್ಲ."

"ನಿಮ್ಮ ಕೈಲಾಗುತ್ತಾ?"

"ಪ್ರಯತ್ನ ಮಾಡ್ತೀನಿ."

ಮಾವ ಪತ್ರಿಕೆ ಮಡಿಸಿಟ್ಟರು. "ಸರಿ, ಬರ್ತೀನಿ. ಬರೆಸೋದು ಒಂದಿದೆ. ಅದನ್ನ ಅವನ ಮನೇಲಿ ಹೇಳೋಕಾಗಲ್ಲ."

ಅವನ ಮನೆಯಲ್ಲಿ ಹೇಳಲಾಗದ್ದು! ಸೀಲು ಭಾವ ಆ ಮಾತನ್ನು ದಾರಿಯುದ್ದಕ್ಕೂ ಚಪ್ಪರಿಸಿಕೊಂಡು ಬಂದರು. ಷಡ್ಡಕನ ಮೇಲೆ ಏನೋ ದೂರಿರಬೇಕು. ಇರಲೇಬೇಕು. ಬುಧವಾರ ಕೀಲಿಮಣೆಯ ಧೂಳು ಒರೆಸಿ, ಬೆರಳು ಲಟಿಕೆ ಮುರಿದು ಕೂತರು.

ಮಾವ ಗಂಟಲು ಸರಿಮಾಡಿಕೊಂಡರು. "ಬರೀರಿ. ನನ್ನ ಕಿರಿಯ ಅಳಿಯನ ವಿಷಯ."

ಸೀಲು ಭಾವನ ಬೆರಳು ಕುಣಿದವು.

"ನನ್ನ ಕಿರಿಯ ಅಳಿಯ ಬಹಳ, ಬಹಳ ಒಳ್ಳೆಯ ಮನುಷ್ಯ."

ಬೆರಳು ನಿಂತವು.

"ಏನು?" ಎಂದರು ಮಾವ.

"ಏನಿಲ್ಲ ಮಾವ. 'ಬಹಳ' ಎರಡು ಸಲ ಅಂದ್ರಿ. ಎರಡೂ..." ಎನ್ನುತ್ತ ನಾಲಿಗೆ ಕಚ್ಚಿಕೊಂಡರು. "ಎರಡೂ ಬರ್ದೆ ಅಂತ ಹೇಳಿದೆ."

"ಮನುಷ್ಯನ ಎದುರಿಗೇ ಅವನನ್ನ ಹೊಗಳೋಕಾಗುತ್ತಾ? ಅದಕ್ಕೇ ಇಲ್ಲಿಗೆ ಬಂದೆ. ಬರೀರಿ."

ಒಂದೂ ಮುಕ್ಕಾಲು ಗಂಟೆ ಬರೆದರು. ಮಾವನಿಗೆ ನಡುರಾತ್ರಿ ಎದೆ ನೋವು ಬಂದಾಗ ಕಿರಿಯ ಅಳಿಯ ಅಂಗಡಿ ತೆರೆದದ್ದು, ಅತ್ತೆಯ ಕೊನೆಯ ವರ್ಷ ಪ್ರತಿ ಸಂಜೆ ಬಂದು ಇಂಜೆಕ್ಷನ್ ಕೊಟ್ಟದ್ದು, ಇಂಜೆಕ್ಷನ್ ಕೊಡುವ ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದದ್ದು. ಸೀಲಿನಲ್ಲಾದರೆ ಇದೆಲ್ಲ 'ಸೇವೆ' ಎಂಬ ಎರಡು ಅಕ್ಷರದಲ್ಲಿ ಮುಗಿಯುತ್ತಿತ್ತು. ಅಂಗೈಯ ವಿಷಯ ಬಂದಾಗ ಸೀಲು ಭಾವನಿಗೆ ಇದು ಗೊತ್ತೇ ಇರಲಿಲ್ಲ ಎನ್ನಿಸಿತು. ಅತ್ತೆಯನ್ನು ನೋಡಲು ತಾವೂ ಹೋಗುತ್ತಿದ್ದರು. ಔಷಧಿ ಚೀಟಿಯಲ್ಲಿ ಡಾಕ್ಟರ ಸೀಲು ವಾರೆಯಾಗಿದೆ ಎಂದು ತೋರಿಸಿ ಬರುತ್ತಿದ್ದರು.

"ಓದಿ, ಕೇಳೋಣ," ಎಂದರು ಮಾವ.

ಓದಿದರು. ಹೆಂಡತಿ ಮೆಟ್ಟಿಲ ಮೇಲೆ ಕೂತು, ತುಟಿ ಬಿಗಿಹಿಡಿದು, ಗಂಡನ ಬಾಯಲ್ಲೇ ಷಡ್ಡಕನ ಗುಣಗಾನವನ್ನು ಎರಡು ಪುಟ ಪೂರ್ತಿ ಕೇಳಿದಳು. ಒಂದು ಅಕ್ಷರವೂ ಬಿಟ್ಟಿರಲಿಲ್ಲ.

"ಚೆನ್ನಾಗಿದೆ. ಬರುವ ಬುಧವಾರನೂ ಇಲ್ಲೇ," ಎಂದು ಮಾವ ಛತ್ರಿ ತೆಗೆದುಕೊಂಡರು.

ಗೆದ್ದಿದ್ದರು. ಗೆದ್ದವರ ಹಾಗೆ ಐದು ನಿಮಿಷ ಕೂತಿದ್ದರು ಕೂಡ. ಆರನೆಯ ನಿಮಿಷಕ್ಕೆ ಒಂದು ಲೆಕ್ಕ ತಲೆಯೊಳಗೆ ಹೊಕ್ಕಿತು. ಎದುರಿಗೆ ಹೊಗಳಲಾಗದು ಎಂದಾದರೆ, ತಮ್ಮ ವಿಷಯವನ್ನು ಮಾವ ಎಲ್ಲಿ ಬರೆಸಿರುತ್ತಾರೆ?

"ಕೇಳ್ಬಿಡಿ," ಎಂದಳು ಹೆಂಡತಿ ಮೇಲಿನಿಂದ.

"ನಾನ್ಯಾಕೆ ಕೇಳ್ಲಿ! ನನಗೇನು ಬಿದ್ದಿದೆ!" ಎನ್ನುತ್ತ ಫೋನು ಕೈಗೆತ್ತಿಕೊಂಡರು.

"ಹೇಳಿ ಭಾವ! ನಾನೇ ಮಾಡೋಣ ಅಂತಿದ್ದೆ," ಎಂದ ಷಡ್ಡಕ. ದನಿಯಲ್ಲಿ ಎಂದಿನ ನಿರಾಳವಿರಲಿಲ್ಲ. "ಭಾವ, ಒಂದು ಮಾತು... ಮಾವ ಇವತ್ತು ನನ್ನ ವಿಷಯ ಬರೆಸಿದ್ರಂತೆ. ಎಷ್ಟು ಪುಟ ಬಂತು?"

ಸೀಲು ಭಾವ ತೆರೆಯ ಮೇಲಿನ ಪುಟದ ಸಂಖ್ಯೆ ನೋಡಿದರು. ಒಂದು ಎನ್ನಬಹುದಿತ್ತು. ಮುಕ್ಕಾಲು ಎಂದರೂ ಯಾರೂ ಕೇಳುವವರಿರಲಿಲ್ಲ.

"ಎರಡು," ಎಂದರು. "ನಂದು?"

"ಎರಡೂವರೆ," ಎಂದ ಷಡ್ಡಕ, ಸ್ವಲ್ಪ ಕುಗ್ಗಿ. ಆಮೇಲೆ ತಡೆಯಲಾರದೆ ಸೇರಿಸಿದ, "ಆದ್ರೆ ಭಾವ, ನಾನು ಅಕ್ಷರ ದೊಡ್ಡದು ಇಟ್ಟಿದೀನಿ. ಮಾವನ ಕಣ್ಣಿಗೆ ಅಂತ."

"ಎಷ್ಟು ದೊಡ್ಡದು?"

"ಹದಿನಾರು."

ತಮ್ಮದು ಹನ್ನೆರಡು. ಸೀಲು ಭಾವ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಪೆನ್ಸಿಲು ತೆಗೆದರು. ಹದಿನಾರರ ಎರಡೂವರೆ ಪುಟ ಹನ್ನೆರಡಕ್ಕೆ ಇಳಿದರೆ ಒಂದೂವರೆಯೂ ಆಗದು. ಇನ್ನೊಮ್ಮೆ ಮಾಡಿದರು. ಆಗಲೂ ಆಗಲಿಲ್ಲ.

"ಭಾವ? ಇದೀರಾ?"

"ಇದೀನಿ, ಇದೀನಿ," ಎಂದರು ಸೀಲು ಭಾವ. "ಸಾಲು ಸಾಲಿನ ಮಧ್ಯೆ ಎಷ್ಟು ಜಾಗ ಬಿಟ್ಟಿದೀಯ, ಅದನ್ನ ಹೇಳು."